ದೇಶಕ್ಕೆ ತೊಗರಿ ಸಾಲದು, ಆದರೂ ಪೇಟೆಯಲ್ಲಿ ಬೆಂಬಲ ಬೆಲೆಯೂ ಇಲ್ಲ: ಇದರ ಲೆಕ್ಕ ತಿಳಿಸುವಿರಾ?

ಬೋರಿ ದಂಡೆ (ಅಕ್ಕಲಕೋಟ ತಾಲ್ಲೂಕು, ಮಹಾರಾಷ್ಟ್ರ), ಜೂನ್ 2025

ಎಲ್ಲರಿಗೂ ಶರಣು. ಬಿತ್ತನೆಗೆ ಮುಂಚೆ ತಿಳಿದವರನ್ನು ಕೇಳಿಕೊಳ್ಳೋಣವೆಂದು ಈ ಪ್ರಶ್ನೆ ಹಾಕುತ್ತಿದ್ದೇನೆ. ನನ್ನದು ಎಂಟು ಎಕರೆ ಎರೆ ಹೊಲ. ಎರಡು ಎಕರೆಗೆ ಬಾವಿಯ ನೀರಿದೆ, ಉಳಿದದ್ದು ಮಳೆಯನ್ನೇ ನಂಬಿದ್ದು. ಈ ಸಲ ಮೇ ತಿಂಗಳಲ್ಲಿಯೇ ಮಳೆ ಸುರಿದು ನೆಲ ಹದವಾಗಿದೆ, ಏನು ಬಿತ್ತಬೇಕೆಂಬುದು ಮಾತ್ರ ಹದಕ್ಕೆ ಬಂದಿಲ್ಲ.

ಹೋದ ಜನವರಿಯಲ್ಲಿ ರಾಶಿ ಮುಗಿಸಿ ದುಧನಿ ಪೇಟೆಗೆ ಒಯ್ದ ತೊಗರಿಗೆ ಕ್ವಿಂಟಾಲಿಗೆ 7,100 ರೂಪಾಯಿ ಸಿಕ್ಕಿತು. ಆ ಹಂಗಾಮಿನ ಬೆಂಬಲ ಬೆಲೆ 7,550. ಹಮಾಲಿ, ತೂಕ, ಟೆಂಪೋ ಬಾಡಿಗೆ ಕಳೆದ ಮೇಲೆ ಕೈಗೆ ಬಂದದ್ದು ಇನ್ನೂ ಕಡಿಮೆ. ಈಗಂತೂ ಪೇಟೆ 7,000ಕ್ಕೂ ಕೆಳಗಿದೆ. ಅದರ ಹಿಂದಿನ ವರ್ಷ ಇದೇ ತೊಗರಿ 10,000 ದಾಟಿತ್ತು. ಅದನ್ನು ನೋಡಿಯೇ ನಾವೆಲ್ಲ ಹೆಚ್ಚು ಬಿತ್ತಿದ್ದೆವು. 2025-26ನೇ ಸಾಲಿಗೆ ಕೇಂದ್ರ ಸರ್ಕಾರ 8,000 ಘೋಷಿಸಿದೆಯಾದರೂ, ಪೇಟೆಯಲ್ಲಿ ಯಾರೂ ಕೊಡದ ಬೆಲೆಯನ್ನು ಘೋಷಣೆಯಲ್ಲಿ ಏರಿಸಿದರೆ ನನಗಾಗುವ ಪ್ರಯೋಜನವೇನೆಂದು ತಿಳಿಯುತ್ತಿಲ್ಲ.

ನನ್ನ ಪ್ರಶ್ನೆ ಎರಡು. ದೇಶದಲ್ಲಿ ಬೇಳೆಕಾಳಿನ ಕೊರತೆಯಿದೆ, ಹೋದ ವರ್ಷ 70 ಲಕ್ಷ ಟನ್ನಿಗೂ ಮೀರಿ ಹೊರಗಿನಿಂದ ತರಿಸಿದ್ದಾರೆ ಎನ್ನುತ್ತಾರೆ. ಕೊರತೆಯಿರುವ ಸರಕಿನ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಹೇಗೆ ಇಳಿಯುತ್ತದೆ? ಎರಡನೆಯದು, ಆರು ಎಕರೆಗೂ ತೊಗರಿ ಹಾಕುವುದು ಜಾಣತನವೇ, ಅಥವಾ ಊರಿನ ಅರ್ಧ ಜನ ಮಾಡಿದಂತೆ ಪೈಪ್‌ಲೈನ್ ಎಳೆದು ಕಬ್ಬಿಗೆ ಹೋಗಬೇಕೇ?

ಗಿರಣಿ ಲೆಕ್ಕಿಗ (ಸೊಲ್ಲಾಪುರ)

ಬೇಳೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನಾದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೇನೆ. ಕೊರತೆಯಾದರೆ ಬೆಲೆ ಏರುತ್ತದೆ ಎಂಬ ಮಾತು ಬಾಗಿಲು ಮುಚ್ಚಿದ ಪೇಟೆಗೆ ಸಲ್ಲುತ್ತದೆ. ಸುಂಕವಿಲ್ಲದ ಆಮದು ನಡೆದಿರುವಾಗ ದುಧನಿಯ ಬೆಲೆಗೆ ಮಿತಿ ಹಾಕುವುದು ಮುಂಬಯಿ, ಚೆನ್ನೈ ಬಂದರುಗಳಲ್ಲಿ ಇಳಿಯುವ ಕಾಳಿನ ಬೆಲೆ. ನಮ್ಮ ಮಾಲೀಕರು ಬೆಳಗ್ಗೆ ಕುಳಿತೊಡನೆ ಮೊದಲು ವಿಚಾರಿಸುವುದು ಬರ್ಮಾದ ಲೆಮನ್ ತೊಗರಿಯ ದರವನ್ನು, ಆಮೇಲೆ ಆಫ್ರಿಕಾದ ಗಜ್ರಿ, ಅರುಷಾ, ಮಟ್ವಾರಾ ಮಾಲಿನ ದರವನ್ನು, ಕೊನೆಗೆ ದುಧನಿ, ಲಾತೂರು, ಕಲಬುರಗಿ ಪೇಟೆಗಳ ಸವಾಲಿನ (ಹರಾಜಿನ) ದರವನ್ನು. ನಿಮ್ಮ ಎರೆ ಭೂಮಿಯ ಕಾಳು ರುಚಿಯಲ್ಲಿ ಮೇಲು, ಬೇಯುವುದರಲ್ಲಿಯೂ ಮೇಲು. ಅದಕ್ಕಾಗಿ ಗಿರಣಿ ಒಂದಿಷ್ಟು ಹೆಚ್ಚು ಕೊಡುತ್ತದೆ. ಆದರೆ ಆ ಹೆಚ್ಚಿಗೆಗೂ ಒಂದು ಮಿತಿಯಿದೆ.

ಲೆಕ್ಕ ಹೀಗೆ. ನೂರು ಕಿಲೋ ಕಾಳಿಗೆ ಎಣ್ಣೆ ಸವರಿ, ನೀರು ಹಾಕಿ, ಅಂಗಳದಲ್ಲಿ ಒಣಗಿಸಿ, ರೋಲರಿಗೆ ಹಾಕಿದರೆ ಒಳ್ಳೆಯ ಮಾಲಿನಲ್ಲಿ 70ರಿಂದ 75 ಕಿಲೋ ಬೇಳೆ ಬರುತ್ತದೆ. ಉಳಿದದ್ದು ನುಚ್ಚು, ಚುನ್ನಿ, ಹೊಟ್ಟು; ಅದು ದನದ ಮೇವಿಗೆ ಹೋಗುತ್ತದೆ. 72 ಕಿಲೋ ಎಂದು ಹಿಡಿದರೆ, 7,200ಕ್ಕೆ ಕೊಂಡ ಕಾಳಿನ ಬೇಳೆ ಕಿಲೋಗೆ 100 ರೂಪಾಯಿ ಬೀಳುತ್ತದೆ. ಕರೆಂಟು, ಕೂಲಿ, ಚೀಲ, ಬಡ್ಡಿ ಇದರ ಮೇಲೆ ಸೇರುತ್ತವೆ, ಚುನ್ನಿಯ ಹಣ ಇದರಲ್ಲಿ ಕಳೆಯುತ್ತದೆ. ಬಂದರಿನ ಕಾಳು ಕ್ವಿಂಟಾಲಿಗೆ 500 ರೂಪಾಯಿ ಅಗ್ಗವಾಗಿದ್ದರೆ ಬೇಳೆಯಲ್ಲಿ ಕಿಲೋಗೆ ಏಳು ರೂಪಾಯಿ ವ್ಯತ್ಯಾಸ. ಸಗಟು ವ್ಯಾಪಾರದಲ್ಲಿ ಏಳು ರೂಪಾಯಿ ಎಂದರೆ ಗಿರಾಕಿ ಪಕ್ಕದ ಗಿರಣಿಗೆ ಹೋದನೆಂದೇ ಅರ್ಥ.

ಇನ್ನೊಂದು ಸಂಗತಿಯನ್ನು ರೈತರು ಗಮನಿಸುವುದು ಕಡಿಮೆ. ಮೊಜಾಂಬಿಕ್, ತಾಂಜಾನಿಯಾ, ಮಲಾವಿ ಕಡೆಯ ತೊಗರಿ ಅಲ್ಲಿಯ ಒಣ ಹಂಗಾಮಿನಲ್ಲಿ, ಅಂದರೆ ನಮ್ಮ ಮಳೆಗಾಲದ ನಡುವೆ, ಕಟಾವಾಗಿ ದೀಪಾವಳಿಯ ಹೊತ್ತಿಗೆ ಹಡಗೇರುತ್ತದೆ. ನಿಮ್ಮ ರಾಶಿ ಡಿಸೆಂಬರ್-ಜನವರಿಯಲ್ಲಿ ಪೇಟೆಗೆ ಬರುವಾಗ ಅದು ಗೋದಾಮಿನಲ್ಲಿ ಕುಳಿತಿರುತ್ತದೆ. ಬರ್ಮಾದ ಹೊಸ ಮಾಲು ಹೆಚ್ಚುಕಡಿಮೆ ನಿಮ್ಮ ಜೊತೆಗೇ ಬರುತ್ತದೆ. ಹೀಗೆ ವರ್ಷದಲ್ಲಿ ನೀವು ಮಾರಲೇಬೇಕಾದ ಎರಡು ತಿಂಗಳಲ್ಲಿಯೇ ಕೊಳ್ಳುವವನಿಗೆ ಅತಿ ಹೆಚ್ಚು ಆಯ್ಕೆ ಇರುತ್ತದೆ.

ಜತ್ತದ ಮೇಷ್ಟ್ರು

ಗಿರಣಿ ಲೆಕ್ಕಿಗರು ಹೇಳಿದ್ದು ಸರಿ. ಆದರೆ ಬಾಗಿಲನ್ನು ಯಾವಾಗ ತೆರೆಯುತ್ತಾರೆ, ಯಾವಾಗ ಮುಚ್ಚುತ್ತಾರೆ ಎಂಬುದನ್ನು ಸೇರಿಸದಿದ್ದರೆ ಚಿತ್ರ ಪೂರ್ಣವಾಗುವುದಿಲ್ಲ. ನಿವೃತ್ತನಾದ ಮೇಲೆ ಈ ವಿಷಯವನ್ನು ಸ್ವಲ್ಪ ಹಿಂಬಾಲಿಸಿದ್ದೇನೆ. ಉತ್ತರ ಉದ್ದವಾದರೆ ಸಹಿಸಿಕೊಳ್ಳಿ.

2015ರ ದಸರೆಯ ಸುಮಾರಿಗೆ ತೊಗರಿ ಬೇಳೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋದದ್ದು ಎಲ್ಲರಿಗೂ ನೆನಪಿದೆ. ಸತತ ಎರಡು ಬರಗಾಲಗಳಿಂದ 2015-16ರಲ್ಲಿ ದೇಶದ ತೊಗರಿ ಸುಮಾರು 26 ಲಕ್ಷ ಟನ್ನಿಗೆ ಇಳಿದಿತ್ತು. ಸರ್ಕಾರ 2016ರ ಜುಲೈಯಲ್ಲಿ ಮೊಜಾಂಬಿಕ್ ದೇಶದೊಡನೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡು, ವರ್ಷಕ್ಕೆ 1 ಲಕ್ಷ ಟನ್ನಿನಿಂದ ಆರಂಭಿಸಿ 2 ಲಕ್ಷ ಟನ್ನಿನವರೆಗೆ ಕೊಳ್ಳುವುದಾಗಿ ಮಾತು ಕೊಟ್ಟಿತು. ಅದೇ ವೇಳೆಗೆ ಬೆಂಬಲ ಬೆಲೆಯನ್ನು ಬೋನಸ್ ಸೇರಿಸಿ 5,050ಕ್ಕೆ ಏರಿಸಿ ರೈತರಿಗೂ ಬಿತ್ತಲು ಹೇಳಿತು. ಮಳೆ ಚೆನ್ನಾಗಿ ಆಯಿತು. 2016-17ರ ತೊಗರಿ ಸುಮಾರು 49 ಲಕ್ಷ ಟನ್. ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಅದೇ ವರ್ಷ ಎಲ್ಲ ಬೇಳೆಕಾಳು ಸೇರಿ ಆಮದು 66 ಲಕ್ಷ ಟನ್, ಅಲ್ಲಿಯವರೆಗಿನ ದಾಖಲೆ. ಒಳಗಿನ ರಾಶಿ, ಹೊರಗಿನ ಹಡಗು ಎರಡೂ ಕೂಡಿ ಬಂದಾಗ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಕುಸಿಯಿತು. ಆಗಲೂ ದೇಶದಿಂದ ಬೇಳೆ ರಫ್ತು ಮಾಡಲು 2006ರಿಂದ ಬಂದಿದ್ದ ನಿಷೇಧ ಹಾಗೆಯೇ ಇತ್ತು. ಅಂದರೆ ಬೆಳೆದವನಿಗೆ ಹೊರಗಿನ ಪೇಟೆ ಮುಚ್ಚಿತ್ತು, ಹೊರಗಿನವನಿಗೆ ನಮ್ಮ ಪೇಟೆ ತೆರೆದಿತ್ತು.

ಆಗ ಕೇಂದ್ರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಅರವಿಂದ ಸುಬ್ರಮಣಿಯನ್ ಅವರ ಸಮಿತಿ 2016ರ ಸೆಪ್ಟೆಂಬರಿನಲ್ಲಿಯೇ ರಫ್ತು ನಿಷೇಧ ಮತ್ತು ವ್ಯಾಪಾರಿಗಳ ದಾಸ್ತಾನು ಮಿತಿಗಳನ್ನು ತೆಗೆಯಿರಿ, ಬೆಂಬಲ ಬೆಲೆ ಏರಿಸಿರಿ, 20 ಲಕ್ಷ ಟನ್ನಿನ ಕಾಪು ದಾಸ್ತಾನು (ಬಫರ್ ಸ್ಟಾಕ್) ಕಟ್ಟಿರಿ ಎಂದು ಬರೆದುಕೊಟ್ಟಿತ್ತು. ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಬಂದದ್ದು 2017ರ ಆಗಸ್ಟಿನಲ್ಲಿ, ರಫ್ತು ಬಿಡುವಾದದ್ದು ಆ ನಂತರ. ಜನವರಿಯಲ್ಲಿ ರಾಶಿ ಮಾಡಿ ಸಾಲ ತೀರಿಸಲು ಮಾರಿದವನಿಗೆ ಆಗಸ್ಟಿನ ಅಧಿಸೂಚನೆಯಿಂದ ಏನಾಗಬೇಕು? ಮೊಜಾಂಬಿಕ್‌ನಲ್ಲಿ ನಮ್ಮನ್ನು ನಂಬಿ ತೊಗರಿ ಬಿತ್ತಿದ ಬಡ ರೈತರೂ ಆ ವರ್ಷ ಬೆಲೆಯಿಲ್ಲದೆ ಒದ್ದಾಡಿದರು ಎಂಬುದನ್ನು ನಾವು ಮರೆಯಬಾರದು; ಅವರ ಊಟದಲ್ಲಿ ತೊಗರಿಗೆ ನಮ್ಮಲ್ಲಿರುವ ಸ್ಥಾನವಿಲ್ಲ.

ಮುಂದಿನ ವರ್ಷಗಳಲ್ಲಿ ಬೆಲೆ ಚೇತರಿಸಿಕೊಂಡಿತು. 2021ರ ಮೇ ತಿಂಗಳಲ್ಲಿ ಮಿತಿ ತೆಗೆದು ತೊಗರಿ ಆಮದನ್ನು ಮುಕ್ತಗೊಳಿಸಿದರು. ಆ ಬಳಿಕ ವಿಸ್ತರಣೆಯ ಮೇಲೆ ವಿಸ್ತರಣೆ. ತಾರೀಖುಗಳನ್ನು ನೋಡಿ: 2025ರ ಮಾರ್ಚ್‌ವರೆಗಿನ ವಿಸ್ತರಣೆ ಹೊರಬಿದ್ದದ್ದು 2023ರ ಡಿಸೆಂಬರಿನಲ್ಲಿ, 2026ರ ಮಾರ್ಚ್‌ವರೆಗಿನದು ಹೊರಬಿದ್ದದ್ದು 2025ರ ಜನವರಿಯಲ್ಲಿ. ಎರಡೂ ಸಲ ಹೊಲದಲ್ಲಿ ರಾಶಿ ನಡೆದಿತ್ತು. ಬೋರಿ ದಂಡೆಯವರು ಮಾರಿದ್ದು ಆ ಎರಡನೆಯ ಅಧಿಸೂಚನೆಯ ಆಸುಪಾಸಿನಲ್ಲಿ. ಬೆಂಬಲ ಬೆಲೆಯನ್ನು ಮುಂಗಾರಿಗೆ ಮುಂಚೆ ಘೋಷಿಸುವ ಪದ್ಧತಿಯಿರುವಾಗ, ಆಮದಿನ ನೀತಿಯನ್ನೂ ಅದೇ ದಿನ ಘೋಷಿಸಿ ವರ್ಷಪೂರ್ತಿ ಹಾಗೆಯೇ ಇಟ್ಟರೆ ರೈತನು ಕಣ್ಣು ತೆರೆದು ಬಿತ್ತಬಹುದು. ನಾನು ಕೇಳುವುದು ಇಷ್ಟೇ. ಆಮದು ನಿಲ್ಲಿಸಿರೆಂದು ಕೇಳುವವನಲ್ಲ.

ಬಟಾಣಿಯ ಕಥೆಯೂ ಇದರ ಜೊತೆಗೇ ಇದೆ. ಹಳದಿ ಬಟಾಣಿಗೆ 2017ರ ನವೆಂಬರಿನಲ್ಲಿ ಶೇ 50ರ ಸುಂಕ ಹಾಕಿದ್ದರು. 2023ರ ಡಿಸೆಂಬರಿನಲ್ಲಿ ಅದನ್ನು ಸೊನ್ನೆ ಮಾಡಿದರು, 2025ರ ಮೇ ಕೊನೆಯಲ್ಲಿ ಅದನ್ನು 2026ರ ಮಾರ್ಚ್‌ವರೆಗೆ ಮುಂದುವರಿಸಿದರು. ಕೆನಡಾ, ರಷ್ಯಾಗಳಿಂದ ಬರುವ ಈ ಬಟಾಣಿ 2025ರಲ್ಲಿ ನಮ್ಮ ಕಡಲೆಯ ಬೆಂಬಲ ಬೆಲೆಯಾಗಿದ್ದ 5,650ಕ್ಕಿಂತ ಬಹಳ ಕಡಿಮೆಗೆ ಬಂದರಿನಲ್ಲಿ ಇಳಿಯಿತು. ಕಡಲೆಗೆ 2025ರ ಏಪ್ರಿಲಿನಿಂದ ಶೇ 10ರ ಸುಂಕ ಹಾಕಿದ್ದೇನೋ ನಿಜ. ಆದರೆ ಹಿಟ್ಟಿನ ಗಿರಣಿಯವನು ಬಟಾಣಿಯನ್ನು ಬೆರೆಸಿ ಕಡಲೆಹಿಟ್ಟು ಮಾಡಬಲ್ಲವನಾದ್ದರಿಂದ ಆ ಸುಂಕ ಮುಂಬಾಗಿಲಿಗೆ ಹಾಕಿದ ಬೀಗವಷ್ಟೇ.

ಕೊರತೆಯ ಮೂಲ ಇನ್ನೂ ಹಳೆಯದು. 1961ರಲ್ಲಿ ತಲೆಗೆ ದಿನಕ್ಕೆ 69 ಗ್ರಾಂ ಬೇಳೆಕಾಳು ಲಭ್ಯವಿತ್ತು. ಆ ಮಟ್ಟವನ್ನು ನಾವು ಮತ್ತೆ ಮುಟ್ಟಿಲ್ಲ. ಹಸಿರು ಕ್ರಾಂತಿಯ ನೀರು, ಗೊಬ್ಬರ, ಖಾತರಿ ಖರೀದಿ ಎಲ್ಲವೂ ಗೋಧಿ-ಭತ್ತಕ್ಕೆ ಹೋದವು, ಬೇಳೆಕಾಳು ನೀರಿಲ್ಲದ ಹೊಲಕ್ಕೆ ಸರಿಯಿತು. ತೊಗರಿಯ ಇಳುವರಿ ದಶಕಗಳಿಂದ ಹೆಕ್ಟೇರಿಗೆ ಏಳರಿಂದ ಒಂಬತ್ತು ಕ್ವಿಂಟಾಲಿನ ಸುತ್ತಲೇ ಸುತ್ತುತ್ತಿದೆ. ತನಗೆ ಬೇಕಾದ ಸಾರಜನಕದ ಬಹುಭಾಗವನ್ನು ತಾನೇ ನೆಲಕ್ಕೆ ತರುವ ಬೆಳೆಗೆ ಅದಕ್ಕಾಗಿ ಸರ್ಕಾರದಿಂದ ಚಿಕ್ಕಾಸಿಲ್ಲ, ಚೀಲಗಟ್ಟಲೆ ಯೂರಿಯಾ ಬೇಡುವ ಬೆಳೆಗೆ ಸಬ್ಸಿಡಿ.

ಚಾದರ ಓಣಿ (ಸೊಲ್ಲಾಪುರ)

ಮೇಷ್ಟ್ರೇ, ನಿಮ್ಮ ಮಾತಿಗೆ ಎದುರಾಡುತ್ತಿದ್ದೇನೆಂದು ತಿಳಿಯಬೇಡಿ. ನಮ್ಮ ಓಣಿಯಲ್ಲಿ ಮಗ್ಗದ ಕೂಲಿಯವರು, ಬೀಡಿ ಕಟ್ಟುವವರು ಇದ್ದಾರೆ. 2015ರಲ್ಲಿ ಬೇಳೆ 200ರ ಹತ್ತಿರ ಹೋದಾಗ ಈ ಮನೆಗಳಲ್ಲಿ ತೊವ್ವೆ ನಿಂತು ಬರೀ ಹುಣಸೆ ಸಾರು ನಡೆಯಿತು. ಮೊಟ್ಟೆ, ಹಾಲು ಕೊಳ್ಳಲಾಗದ ಮನೆಗೆ ಬೇಳೆಯೇ ಮೈಗೆ ಬಲ ಕೊಡುವ ಆಹಾರ. ರೇಷನ್ನಿನಲ್ಲಿ ಅಕ್ಕಿ, ಗೋಧಿ ಪುಕ್ಕಟೆ ಸಿಗುತ್ತದೆ, ಬೇಳೆಯನ್ನು ಅಂಗಡಿಯಲ್ಲಿಯೇ ಕೊಳ್ಳಬೇಕು. ಹಡಗು ತಡವಾದರೆ ಮೊದಲು ಉಪವಾಸ ಬೀಳುವವರು ನಾವು. ರೈತರಿಗೆ 8,000 ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಲೆಕ್ಕಿಗರ ಗಣಿತದಂತೆ 8,000ಕ್ಕೆ ಕೊಂಡ ಕಾಳಿನ ಬೇಳೆ ಗಿರಣಿಯಲ್ಲಿಯೇ 111 ರೂಪಾಯಿ ಆಗುತ್ತದೆ, ಅಂಗಡಿಗೆ ಬರುವಷ್ಟರಲ್ಲಿ 130 ದಾಟುತ್ತದೆ. ಆ ವ್ಯತ್ಯಾಸವನ್ನು ಬೀಡಿ ಕಟ್ಟುವವಳ ಕೈಯಿಂದ ತೆಗೆಯಬೇಕೇ, ಸರ್ಕಾರದ ಬೊಕ್ಕಸದಿಂದಲೇ? ಖರೀದಿಸಿದ ತೊಗರಿಯನ್ನು ಬೇಳೆ ಮಾಡಿಸಿ ರೇಷನ್ ಅಂಗಡಿಗೇ ಕೊಟ್ಟರೆ ಎರಡೂ ಕಡೆ ನಿಲ್ಲುತ್ತದಲ್ಲ.

ಜತ್ತದ ಮೇಷ್ಟ್ರು

ತಂಗಿ, ನಿಮ್ಮ ಕೊನೆಯ ವಾಕ್ಯದಲ್ಲಿಯೇ ಉತ್ತರವಿದೆ. ಅಕ್ಕಿ-ಗೋಧಿಗೆ ಹಾಗೆ ಕೊಂಡು ಹಾಗೆ ಹಂಚುವ ವ್ಯವಸ್ಥೆ ಇದ್ದುದರಿಂದಲೇ ಅವುಗಳ ಬೆಲೆಯಲ್ಲಿ ಇಂಥ ಏರುಪೇರಿಲ್ಲ. ಬೇಳೆಗೆ ಅಂಥ ಖರೀದಿಯೂ ಇಲ್ಲ, ಹಂಚಿಕೆಯೂ ಇಲ್ಲ, ಅದಕ್ಕೇ ಆಮದಿನ ಬಾಗಿಲೊಂದನ್ನೇ ತಿರುಗಿಸುತ್ತ ಕೂರಬೇಕಾಗಿದೆ. 2025ರ ಕೇಂದ್ರ ಬಜೆಟ್ಟಿನಲ್ಲಿ ತೊಗರಿ, ಉದ್ದು, ಮಸೂರಗಳಿಗೆ ಆರು ವರ್ಷದ ಸ್ವಾವಲಂಬನೆ ಯೋಜನೆ ಹೇಳಿದ್ದಾರೆ. ನೋಂದಾಯಿಸಿದ ರೈತರು ತಂದಷ್ಟನ್ನೂ ನಾಲ್ಕು ವರ್ಷ ಕೊಳ್ಳುವುದಾಗಿ ಅದರಲ್ಲಿದೆ. ಕೊಂಡದ್ದು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಅದರ ಹಣೆಬರಹ ನಿಂತಿದೆ.

ಉಮರ್ಗಾ ಗಡಿಯವ

ಖರೀದಿ ಕೇಂದ್ರದ ಮಾತು ಬಂದದ್ದರಿಂದ ನಾನು ಕಂಡದ್ದನ್ನು ಹೇಳುತ್ತೇನೆ. ಕೇಂದ್ರ ಸರ್ಕಾರಕ್ಕಾಗಿ ಕೊಳ್ಳುವ ಸಹಕಾರಿ ಸಂಸ್ಥೆಗಳಾದ ನಾಫೆಡ್ ಅಥವಾ ಎನ್‌ಸಿಸಿಎಫ್ ಪರವಾಗಿ ಕೊಳ್ಳುವ ಕೇಂದ್ರಕ್ಕೆ ಆ ಸಂಸ್ಥೆಯ ಜಾಲತಾಣದಲ್ಲಿ (ನಾಫೆಡ್‌ಗೆ ಇ-ಸಮೃದ್ಧಿ, ಎನ್‌ಸಿಸಿಎಫ್‌ಗೆ ಇ-ಸಂಯುಕ್ತಿ) ಹೆಸರು ನೋಂದಾಯಿಸಿರಬೇಕು, ಮಹಾರಾಷ್ಟ್ರದ ಪಹಾಣಿ ಪತ್ರವಾದ ಸಾತಬಾರಾ ಉತಾರೆಯಲ್ಲಿ ಬೆಳೆಯ ನಮೂದು ಇರಬೇಕು, ಕಾಳಿನ ತೇವ ಶೇ 12 ಮೀರಬಾರದು. ಬಹುಪಾಲು ಜನ ಸೋತದ್ದು ನಡುವಿನ ಷರತ್ತಿನಲ್ಲಿ. ಸೋಯಾಬೀನ್ ನಡುವೆ ಅಕ್ಕಡಿ ಸಾಲಾಗಿ ತೊಗರಿ ಹಾಕಿದವರು ಬೆಳೆ ನಮೂದಿಸುವ ಇ-ಪೀಕ್ ಪಹಾಣಿ ಆ್ಯಪ್‌ನಲ್ಲಿ ಮೊಬೈಲ್ ಹಿಡಿದು ಸೋಯಾಬೀನ್ ಒಂದನ್ನೇ ತುಂಬಿದರು. ಸೋಯಾ ಕೊಯ್ದ ಮೇಲೆ ಹೊಲದ ತುಂಬ ತೊಗರಿಯೇ ನಿಂತಿದ್ದರೂ ದಾಖಲೆಯಲ್ಲಿ ಅದು ಹುಟ್ಟಿಯೇ ಇರಲಿಲ್ಲ. ಅಂಥವರ ಕಾಳನ್ನು ಕೇಂದ್ರದವರು ಮುಟ್ಟುವುದಿಲ್ಲ.

ಮಹಾರಾಷ್ಟ್ರದ ಅಂಚಿನಲ್ಲಿರುವ ನಮಗೆ ಗಡಿಯ ಸಂಕಟ ಬೇರೆ. ಹೋದ ಹಂಗಾಮಿನಲ್ಲಿ ಕರ್ನಾಟಕ ಸರ್ಕಾರ 7,550ರ ಮೇಲೆ ತನ್ನ 450 ಸೇರಿಸಿ 8,000 ಕೊಟ್ಟಿತು. ಕರ್ನಾಟಕದ ಆಳಂದ ನಮಗೆ ಹತ್ತಿರ. ನಂಟಸ್ತನ, ಜಾತ್ರೆ, ಆಸ್ಪತ್ರೆ ಎಲ್ಲ ಆ ಕಡೆಗೇ. ಪೇಟೆಯ ಸವಾಲಿನಲ್ಲಿ ಅಲ್ಲಿ ಯಾರ ಕಾಳನ್ನಾದರೂ ಕೊಳ್ಳುತ್ತಾರೆ, ಆದರೆ ಬೆಂಬಲ ಬೆಲೆಯ ಕೇಂದ್ರಕ್ಕೆ ಕರ್ನಾಟಕದ ಪಹಾಣಿಯೇ ಬೇಕು. ಬದುವಿನ ಆಚೆಯ ತೊಗರಿಗೆ 8,000, ಈಚೆಯದಕ್ಕೆ 7,550, ಅದೂ ನೋಂದಣಿಯಾಗಿದ್ದರೆ. ಎರಡೂ ಒಂದೇ ಮಳೆಗೆ ಬೆಳೆದದ್ದು, ಎರಡಕ್ಕೂ ಒಂದೇ ಕೀಡೆ ಬಿದ್ದದ್ದು. ಬದುವಿನ ಆಚೆಯ ಬೀಗರ ಹೆಸರಿನಲ್ಲಿ ಮಾರಲು ಹೋಗಬೇಡಿ. ಹಣ ಜಮಾ ಆಗುವುದು ಅವರ ಖಾತೆಗೆ, ಆಮೇಲೆ ನಂಟಸ್ತನವೇ ಮುರಿಯುತ್ತದೆ.

ಬೋರಿ ದಂಡೆ

ಎಲ್ಲರಿಗೂ ಕೃತಜ್ಞತೆಗಳು. ಇಷ್ಟರಲ್ಲಿ ಮೊದಲ ಪ್ರಶ್ನೆ ಬಗೆಹರಿಯಿತು. ಕಬ್ಬಿನ ಬಗೆಗೆ ಯಾರೂ ಹೇಳಲಿಲ್ಲ. ಅಲ್ಲದೆ ಮಾರದೆ ಇಟ್ಟುಕೊಂಡರೆ ಹೇಗೆ ಎಂಬುದನ್ನೂ ತಿಳಿಸಿ. ನನ್ನ ತೊಗರಿಯ ಖರ್ಚು ಎಕರೆಗೆ 16,000ದ ಹತ್ತಿರ ಬರುತ್ತದೆ. ಕೃಷಿ ಬೆಲೆ ಆಯೋಗ ಕಳೆದ ವರ್ಷ ಕ್ವಿಂಟಾಲಿಗೆ 4,761 ಖರ್ಚೆಂದು ಹಿಡಿದದ್ದನ್ನು ಓದಿದೆ. ನಾಲ್ಕು ಕ್ವಿಂಟಾಲ್ ಬಂದ ವರ್ಷ ನನಗೆ 4,000 ಬೀಳುತ್ತದೆ, ಕೀಡೆ ತಿಂದು ಎರಡೂವರೆಗೆ ಇಳಿದ ವರ್ಷ 6,400.

ಗಿರಣಿ ಲೆಕ್ಕಿಗ (ಸೊಲ್ಲಾಪುರ)

ನಿಮ್ಮ 4,000-6,400ರ ವ್ಯತ್ಯಾಸವೇ ಈ ಚರ್ಚೆಯ ಮುಖ್ಯ ಅಂಕಿಯೆಂದು ನನಗೆ ತೋರುತ್ತದೆ. ಆಯೋಗ ಹಿಡಿಯುವುದು ಸರಾಸರಿ ಖರ್ಚು, ಮನೆಯವರ ದುಡಿಮೆಯನ್ನು ಸೇರಿಸಿ ಸ್ವಂತ ಹೊಲದ ಗೇಣಿ ಮತ್ತು ಸ್ವಂತ ಬಂಡವಾಳದ ಬಡ್ಡಿಯನ್ನು ಬಿಟ್ಟು. ಮಳೆಯಾಶ್ರಿತ ಹೊಲದಲ್ಲಿ ಸರಾಸರಿ ಎಂಬ ವರ್ಷ ಬರುವುದೇ ಅಪರೂಪ. ಎಕರೆಗೆ ಒಂದು ಕ್ವಿಂಟಾಲ್ ಹೆಚ್ಚು ಬೆಳೆಯುವುದು ಬೆಂಬಲ ಬೆಲೆಯಲ್ಲಿ 450 ಏರುವುದಕ್ಕಿಂತ ನಿಮಗೆ ಹೆಚ್ಚು ಲಾಭ ತರುತ್ತದೆ, ಅದಕ್ಕೆ ಯಾವ ಅಧಿಸೂಚನೆಯೂ ಬೇಡ.

ಇಟ್ಟುಕೊಳ್ಳುವ ವಿಚಾರ: ಮಹಾರಾಷ್ಟ್ರ ಕೃಷಿ ಪಣನ ಮಂಡಳಿಯ ಶೇತಮಾಲ ತಾರಣ ಯೋಜನೆಯಲ್ಲಿ ಪೇಟೆ ಸಮಿತಿಯ ಗೋದಾಮಿಗೆ ಕಾಳು ಹಾಕಿದರೆ ಅದರ ಬೆಲೆಯ ಶೇ 75ರಷ್ಟು ಸಾಲ ಶೇ 6ರ ಬಡ್ಡಿಗೆ ಆರು ತಿಂಗಳಿಗೆ ಸಿಗುತ್ತದೆ. ಸಾಲಗಾರನ ಒತ್ತಾಯಕ್ಕೆ ಜನವರಿಯಲ್ಲಿ ಮಾರುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ಆದರೆ ಲಾಭ ಖಚಿತವೆಂದು ತಿಳಿಯಬೇಡಿ. 2024ರಲ್ಲಿ ಹಾಗೆ ಇಟ್ಟವರು ಗೆದ್ದರು, ಈ ವರ್ಷ ಇಟ್ಟವರು ಬಡ್ಡಿಯನ್ನೂ ಬೆಲೆಯನ್ನೂ ಕಳೆದುಕೊಂಡರು. ಜೊತೆಗೆ ಬೆಲೆ ಏರಿದೊಡನೆ ದಾಸ್ತಾನು ಮಿತಿ ಬರುತ್ತದೆ, 2023ರ ಜೂನಿನಲ್ಲಿಯೂ 2024ರ ಜೂನಿನಲ್ಲಿಯೂ ಬಂದಂತೆ. ಅದು ರೈತನಿಗೆ ಅನ್ವಯಿಸದಿದ್ದರೂ ಗಿರಣಿ ಕೊಳ್ಳುವುದನ್ನು ನಿಲ್ಲಿಸುತ್ತದೆ, ಪರಿಣಾಮ ನಿಮ್ಮ ಮೇಲೆಯೇ.

ಉಮರ್ಗಾ ಗಡಿಯವ

ಕಬ್ಬಿನ ಮಾತು ನಾನು ಹೇಳುತ್ತೇನೆ, ಅಣ್ಣಾವರೇ. ಕಬ್ಬಿಗೆ ಕೇಂದ್ರ ಸರ್ಕಾರ ಹೇಳಿದ ದರವನ್ನು ಕಾರ್ಖಾನೆ ಕಾನೂನಿನಂತೆ ಕೊಡಲೇಬೇಕು, ತಡವಾದರೂ ಬರುತ್ತದೆ. ಅದಕ್ಕೇ ಜನ ಅದರ ಹಿಂದೆ ಬಿದ್ದಿದ್ದಾರೆ. ತೊಗರಿಗೆ ಹಾಗೆ ಕೊಡಲೇಬೇಕಾದವರು ಯಾರೂ ಇಲ್ಲ. ಆದರೂ ಎರಡು ಎಕರೆಗೆ ಸಾಲುವ ಬಾವಿಯನ್ನು ನಂಬಿ ಎಂಟು ಎಕರೆಗೆ ಪೈಪ್ ಎಳೆದರೆ ಮಾರ್ಚಿಗೆ ಬಾವಿ ಬತ್ತಿ ನಿಂತ ಕಬ್ಬು ಒಣಗುತ್ತದೆ. ನೀರಿದ್ದ ಎರಡು ಎಕರೆಯಲ್ಲಿ ನಿಮಗೆ ತೋಚಿದ್ದು ಮಾಡಿ. ಉಳಿದ ಆರರಲ್ಲಿ ನಾಲ್ಕು ಸಾಲು ಸೋಯಾ, ಎರಡು ಸಾಲು ತೊಗರಿ ಹಾಕಿ. ಸೋಯಾದ ಹಣ ದೀಪಾವಳಿಗೆ ಕೈಗೆ ಬಂದಿದ್ದರೆ ಜನವರಿಯಲ್ಲಿ ಅವಸರದ ಮಾರಾಟ ಇರುವುದಿಲ್ಲ. ಹಗುರ ನೆಲವಿದ್ದ ಕಡೆ ಬೇಗ ಬರುವ ತೊಗರಿ ತಳಿ ಬಿಡಿಎನ್-711, ಆಳದ ಎರೆಯಲ್ಲಿ ನೆಟೆ ಮತ್ತು ಗೊಡ್ಡು ರೋಗ ತಡೆಯುವ ಬಿಎಸ್‌ಎಂಆರ್-736 ನಡೆಯುತ್ತದೆ. ಐವತ್ತು ದಿನವಾದಾಗ ಕುಡಿ ಚಿವುಟಿಸಿ, ಟೊಂಗೆ ಹೆಚ್ಚು ಒಡೆಯುತ್ತವೆ. ಹೂವಿಗೆ ಬಂದ ಮೇಲೆ ಕೀಡೆ ಕಂಡರೆ ಔಷಧಿ ಅಂಗಡಿಗೆ ಓಡುವ ಮೊದಲು ಸಾಲಿನಲ್ಲಿ ಗೋಣಿತಟ್ಟು ಹಾಸಿ ಗಿಡ ಅಲ್ಲಾಡಿಸಿ ನೋಡಿ. ನಮ್ಮ ಹಿರಿಯರು ಹಾಗೆಯೇ ಕೀಡೆ ಉದುರಿಸಿ ಕೋಳಿಗೆ ಹಾಕುತ್ತಿದ್ದರು, ಈಗಲೂ ಸಣ್ಣ ಹೊಲಕ್ಕೆ ಅದು ಸಾಲುತ್ತದೆ. ಇ-ಪೀಕ್ ಪಹಾಣಿ ತುಂಬುವಾಗ ಮಿಶ್ರ ಬೆಳೆ ಎಂದು ಆರಿಸಿ ಎರಡೂ ಹೆಸರು ಬರೆಯಿರಿ, ಬರೆದದ್ದು ಉತಾರೆಯಲ್ಲಿ ಮೂಡಿದೆಯೇ ಎಂದು ತಲಾಠಿಯ (ಗ್ರಾಮ ಲೆಕ್ಕಿಗರ) ಬಳಿ ಹೋಗಿ ನೋಡಿಕೊಂಡು ಬನ್ನಿ.